ಹೊಳೆ ದಾರಿ ಬದಲಿಸುತ್ತದೆ, ಮರಳು ತರುತ್ತದೆ: ಕೊಡಗಿನಲ್ಲಿ ನೀರೆತ್ತುವ ಜಾಗ ಹುಡುಕುವುದು, ಕಾಪಾಡುವುದು ಹೇಗೆ?

ನಮ್ಮ ಸುಗ್ಗಿಹಬ್ಬ ಪುತ್ತರಿ ಮುಗಿದು ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ಈ ಪ್ರಶ್ನೆಗಳೂ ಶುರುವಾಗುತ್ತವೆ. "ಹೋದ ವರ್ಷ ಫುಟ್‌ವಾಲ್ವ್ ಇಟ್ಟ ಜಾಗದಲ್ಲಿ ಈಗ ಮರಳದಿಬ್ಬ ಬಿದ್ದಿದೆ, ಏನು ಮಾಡಲಿ?" "ಪಂಚಾಯಿತಿ ಜಾಕ್‌ವೆಲ್‌ಗೆ ಮಳೆಗಾಲವಿಡೀ ಕೆಸರು ಬರುತ್ತೆ, ಪರಿಹಾರ ಇದೆಯಾ?" "ಪಂಪಿನೊಳಗೆ ತಿರುಗುವ ಇಂಪೆಲ್ಲರ್ ಚಕ್ರ ಎರಡೇ ವರ್ಷಕ್ಕೆ ಸವೆದು ಹೋಯಿತು, ಬೇರೆ ಕಂಪನಿ ಮೋಟಾರ್ ತಗೊಳ್ಲಾ?" ಮೂರಕ್ಕೂ ಉತ್ತರ ಹೆಚ್ಚುಕಡಿಮೆ ಒಂದೇ. ತೊಂದರೆ ಇರುವುದು ಮೋಟಾರಿನಲ್ಲಿ ಅಲ್ಲ, ನೀರೆತ್ತುವ ಜಾಗದಲ್ಲಿ. ಜಾಗ ತಪ್ಪಿದರೆ ಮೇಲೆ ಎಷ್ಟು ಸಿಮೆಂಟು ಸುರಿದರೂ ಹೊಳೆ ಕೇಳುವುದಿಲ್ಲ.

2018ರ ಆಗಸ್ಟ್ ನಂತರ ಈ ಕಷ್ಟ ಜಾಸ್ತಿಯಾಗಿದೆ. ಆ ಮಳೆಯಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಮೊಣ್ಣಂಗೇರಿ, ಜೋಡುಪಾಲ ಕಡೆ ಗುಡ್ಡಗಳು ಜಾರಿದವು. ಮಣ್ಣು, ಬಂಡೆ, ಬೇರುಸಮೇತ ಮರಗಳು ಹೊಳೆಗೆ ಬಂದವು. ಮರುವರ್ಷ ತೋರದಲ್ಲಿ ಗುಡ್ಡ ಕುಸಿಯಿತು, ಕರಡಿಗೋಡು, ನೆಲ್ಯಹುದಿಕೇರಿಯಲ್ಲಿ ಕಾವೇರಿ ದಡದ ಮನೆಗಳನ್ನೇ ಕೊಂಡೊಯ್ದಳು. 2020ರಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಜಾರಿತು. ಹೀಗೆ ಬಿದ್ದ ಮಣ್ಣು ಒಂದೇ ಮಳೆಗೆ ಸಮುದ್ರ ಸೇರುವುದಿಲ್ಲ. ವರ್ಷ ವರ್ಷ ಸ್ವಲ್ಪ ಸ್ವಲ್ಪವಾಗಿ ಕೆಳಗೆ ಸರಿಯುತ್ತದೆ. ಅದು ಬಂದ ಕಡೆ ಹೊಳೆಯ ತಳ ಏರುತ್ತದೆ, ದಾಟಿ ಹೋದ ಮೇಲೆ ಮತ್ತೆ ಇಳಿಯುತ್ತದೆ. ಹಾಗಾಗಿ ಹತ್ತು ವರ್ಷದ ಹಿಂದಿನ ಅಳತೆಯನ್ನು ನಂಬಿ ಇವತ್ತು ಕಟ್ಟಬಾರದು.

ಈ ಲೇಖನ ಮುಖ್ಯವಾಗಿ ಎರಡು ಬಗೆಯ ಓದುಗರಿಗೆ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕಲು ಹೊಳೆ ನೀರು ಎತ್ತುವ ಬೆಳೆಗಾರರು ಮೊದಲನೆಯವರು. ಊರಿನ ಕುಡಿಯುವ ನೀರಿನ ಯೋಜನೆ ನೋಡಿಕೊಳ್ಳುವ ಪಂಚಾಯಿತಿ ಸದಸ್ಯರು, ವಾಟರ್‌ಮ್ಯಾನ್‌ಗಳು ಎರಡನೆಯವರು.

ಮೊದಲು ಕೆಲವು ಪದ ತಿಳಿದುಕೊಳ್ಳಿ

ಜಾಕ್‌ವೆಲ್ ಅಂದರೆ ಹೊಳೆಯ ದಡದಲ್ಲೋ ಹೊಳೆಯೊಳಗೋ ಕಟ್ಟುವ ಬಾವಿ. ಹೊಳೆ ನೀರು ಪೈಪಿನ ಮೂಲಕ ಅದರೊಳಗೆ ಬಂದು ನಿಲ್ಲುತ್ತದೆ, ಅಲ್ಲಿಂದ ಮೋಟಾರ್ ಎತ್ತುತ್ತದೆ. ಫುಟ್‌ವಾಲ್ವ್ ನಿಮಗೆ ಗೊತ್ತೇ ಇದೆ. ಹೀರುವ ಪೈಪಿನ ತುದಿಯಲ್ಲಿರುವ ಇದು ನೀರನ್ನು ಒಳಗೆ ಬಿಡುತ್ತದೆ, ವಾಪಸ್ ಹೋಗಲು ಬಿಡುವುದಿಲ್ಲ. ಹೊಳೆ ತರುವ ಮಣ್ಣಿನಲ್ಲಿ ಮೂರು ಬಗೆ ಇದೆ: ಮರಳು, ರೇವೆ, ಜೇಡಿ. ಮರಳು ತಳದ ಹತ್ತಿರ ಉರುಳುತ್ತಾ, ಕುಪ್ಪಳಿಸುತ್ತಾ ಹೋಗುತ್ತದೆ. ರೇವೆ ಅಂದರೆ ಹಿಟ್ಟಿನಂಥ ನಯವಾದ ಮಣ್ಣು, ನೀರಿನಲ್ಲಿ ತೇಲುತ್ತಾ ಬರುತ್ತದೆ. ಜೇಡಿ ಇನ್ನೂ ಸಣ್ಣ, ಗಂಟೆಗಟ್ಟಲೆ ಬಿಟ್ಟರೂ ತಳ ಸೇರುವುದಿಲ್ಲ. ಕೊರೆತ ಅಂದರೆ ನೀರು ದಡವನ್ನೋ ತಳವನ್ನೋ ತಿಂದು ಗುಂಡಿ ಮಾಡುವುದು.

ಬೇಕಾದ ಸಾಮಾನು: 50 ಮೀಟರ್ ಟೇಪು, ಗುರುತು ಹಾಕಿದ ಉದ್ದನೆಯ ಬಿದಿರಿನ ಗಳು, ಮೇಸ್ತ್ರಿಗಳು ಬಳಸುವ ಮಟ್ಟದ ಟ್ಯೂಬು, ಮೂರು ನಾಲ್ಕು ಪಾರದರ್ಶಕ ಬಾಟಲಿ, ಒಂದು ಡಬ್ಬ ಎಣ್ಣೆ ಬಣ್ಣ, ಒಂದು ನೋಟ್‌ಬುಕ್. ಕಂಪ್ಯೂಟರ್ ಇದ್ದರೆ ಗೂಗಲ್ ಅರ್ಥ್‌ನಲ್ಲಿ ನಿಮ್ಮ ಹೊಳೆಯ ಹಳೆಯ ಚಿತ್ರಗಳನ್ನೂ ನೋಡಬಹುದು.

ಹಂತ 1: ಒಂದು ಮಳೆಗಾಲ ಸುಮ್ನೆ ನೋಡಿ

ಬಹಳ ಜನ ಬಿಟ್ಟುಬಿಡುವ ಹಂತ ಇದೇ. ಬೇಸಿಗೆಯಲ್ಲಿ ಹೋಗಿ ಮಡು ನೋಡುತ್ತಾರೆ, ನೀರು ಚೆನ್ನಾಗಿದೆ ಅನ್ನುತ್ತಾರೆ, ಮರುದಿನ ಗುಂಡಿ ತೋಡುತ್ತಾರೆ. ಆದರೆ ಮಾರ್ಚ್‌ನ ಹೊಳೆಯೇ ಬೇರೆ, ಜುಲೈ, ಆಗಸ್ಟ್‌ನ ಕಕ್ಕಡ ಮಾಸದ ಹೊಳೆಯೇ ಬೇರೆ.

ಮೇ ತಿಂಗಳಲ್ಲಿ, ಮಳೆಗೆ ಮೊದಲು, ನಿಮ್ಮ ಮನಸ್ಸಿನಲ್ಲಿರುವ ಎರಡು ಮೂರು ಜಾಗದ ಫೋಟೋ ತೆಗೆಯಿರಿ. ಅಲುಗಾಡದ ಬಂಡೆಗೆ ಬಣ್ಣದಿಂದ ಗುರುತು ಹಾಕಿ. ಮುಂದಿನ ಎಲ್ಲ ಅಳತೆಯನ್ನೂ ಆ ಗುರುತಿನಿಂದಲೇ ತೆಗೆಯಿರಿ. ಹೊಳೆ ತುಂಬಿದಾಗ ದೂರದಿಂದ, ಎತ್ತರದ ಜಾಗದಿಂದ ಮತ್ತೆ ಫೋಟೋ ತೆಗೆಯಿರಿ. ನೀರಿನ ರಭಸ ಯಾವ ದಡಕ್ಕೆ ಬಡಿಯುತ್ತಿದೆ, ತೇಲಿ ಬರುವ ಮರ ಎಲ್ಲಿ ಸಿಕ್ಕಿಕೊಳ್ಳುತ್ತಿದೆ ಎಂದು ಬರೆದಿಡಿ. ಸೆಪ್ಟೆಂಬರ್‌ನ ಕೈಲ್ ಮುಹೂರ್ತದ ನಂತರ ಒಮ್ಮೆ, ಅಕ್ಟೋಬರ್‌ನ ತುಲಾ ಸಂಕ್ರಮಣದ ನಂತರ ಒಮ್ಮೆ, ಪುತ್ತರಿಯ ನಂತರ ಒಮ್ಮೆ ಅದೇ ಜಾಗದಲ್ಲಿ ನಿಂತು ಫೋಟೋ ತೆಗೆದರೆ, ಮರಳು ಎಲ್ಲಿ ಬಿತ್ತು, ದಡ ಎಲ್ಲಿ ಹೋಯಿತು ಅನ್ನೋದು ಕಣ್ಣಿಗೆ ಕಾಣುತ್ತದೆ.

ಊರಿನ ಹಿರಿಯರನ್ನು ಕೇಳಿ. "ನೀರು ಎಲ್ಲಿಯವರೆಗೆ ಬಂದಿತ್ತು?" ಅಂತ ಕೇಳಿದರೆ ಸಾಲದು. "ನಿಮ್ಮ ಚಿಕ್ಕ ವಯಸ್ಸಿನಲ್ಲಿ ಹೊಳೆ ಎಲ್ಲಿ ಹರಿಯುತ್ತಿತ್ತು?" ಅಂತಲೂ ಕೇಳಿ. ಈಗ ಗದ್ದೆಯಾಗಿರುವ ಜಾಗ ಹಿಂದೆ ಹೊಳೆಯ ದಾರಿಯಾಗಿರಬಹುದು. ಹೊಳೆ ಒಮ್ಮೆ ಹರಿದ ದಾರಿಯನ್ನು ಮರೆಯುವುದಿಲ್ಲ, ದೊಡ್ಡ ನೆರೆಯಲ್ಲಿ ಮತ್ತೆ ಅಲ್ಲಿಗೇ ನುಗ್ಗುವ ಸಂಭವ ಜಾಸ್ತಿ.

ಈಗ ಬಾಟಲಿ ಪರೀಕ್ಷೆ. ಹೊಳೆ ಕೆಂಪಾಗಿ ಹರಿಯುವಾಗ ಸೇತುವೆಯ ಮೇಲಿಂದ ಹಗ್ಗ ಕಟ್ಟಿದ ಡಬ್ಬಿ ಇಳಿಸಿ ನೀರು ತೆಗೆಯಿರಿ. ಬಾಟಲಿಗೆ ತುಂಬಿ, ಚೆನ್ನಾಗಿ ಕುಲುಕಿ, ಮೇಜಿನ ಮೇಲಿಡಿ. ಮೊದಲ ಅರ್ಧ ನಿಮಿಷದಲ್ಲಿ ತಳ ಸೇರಿದ್ದು ಮರಳು. ಒಂದು ಗಂಟೆಯಲ್ಲಿ ಕೂತಿದ್ದು ಬಹುಪಾಲು ರೇವೆ. ಮರುದಿನವೂ ನೀರು ಮಬ್ಬಾಗಿದ್ದರೆ ಅದು ಜೇಡಿ. ನಿಮ್ಮ ಹೊಳೆಗೆ ಯಾವ ಮದ್ದು ಬೇಕು ಅನ್ನೋದನ್ನು ಈ ಬಾಟಲಿಯೇ ಹೇಳುತ್ತದೆ. ಹಂತ 6ರಲ್ಲಿ ಇದು ಬೇಕಾಗುತ್ತದೆ.

ಎಚ್ಚರಿಕೆ: ನೆರೆಯ ಹೊತ್ತಿನಲ್ಲಿ ನೀರಿಗಿಳಿಯಬೇಡಿ, ದಡದ ಅಂಚಿನಲ್ಲೂ ನಿಲ್ಲಬೇಡಿ. ಮೇಲೆ ಗಟ್ಟಿಯಾಗಿ ಕಾಣುವ ದಡದ ಅಡಿ ಪೊಳ್ಳಾಗಿರುತ್ತದೆ. ಹಾರಂಗಿ ಅಣೆಕಟ್ಟೆಯ ಕೆಳಗಿನವರು ಇನ್ನೂ ಹುಷಾರಾಗಿರಬೇಕು, ನಿಮ್ಮ ಕಡೆ ಮಳೆಯೇ ಇಲ್ಲದಿದ್ದರೂ ಗೇಟು ತೆರೆದರೆ ನೀರು ಏರುತ್ತದೆ.

ಹಂತ 2: ಜಾಗ ಆರಿಸಿ

ಒಂದು ಲೋಟ ಕಾಫಿಗೆ ಸ್ವಲ್ಪ ಗಸಿ ಬೀಳಿಸಿ, ಚಮಚದಿಂದ ಗಿರ್ರನೆ ತಿರುಗಿಸಿ ಬಿಡಿ. ಗಸಿ ಲೋಟದ ಅಂಚಿಗೆ ಹೋಗುವುದಿಲ್ಲ, ತಳದ ನಡುವಿಗೆ ಬಂದು ಗುಡ್ಡೆಯಾಗುತ್ತದೆ. ಹೊಳೆಯ ತಿರುವಿನಲ್ಲೂ ಇದೇ ಆಗುತ್ತದೆ. ಮೇಲಿನ ನೀರು ವೇಗವಾಗಿರುವುದರಿಂದ ತಿರುವಿನ ಹೊರದಂಡೆಗೆ ಹೋಗಿ ಒತ್ತುತ್ತದೆ, ಅಲ್ಲಿ ಕೆಳಗಿಳಿಯುತ್ತದೆ, ತಳದ ನಿಧಾನದ ನೀರನ್ನು ಒಳದಂಡೆಯ ಕಡೆ ತಳ್ಳುತ್ತದೆ. ಮರಳು ಇರುವುದು ತಳದಲ್ಲಿ ಅಲ್ವಾ? ಹಾಗಾಗಿ ಅದೆಲ್ಲ ಒಳದಂಡೆಗೆ ಹೋಗಿ ದಿಬ್ಬವಾಗುತ್ತದೆ. ಹೊರದಂಡೆಯಲ್ಲಿ ಆಳ ಉಳಿಯುತ್ತದೆ, ಮರಳು ಕಡಿಮೆ ಇರುತ್ತದೆ.

ಆದ್ದರಿಂದ ಮೊದಲ ಸೂತ್ರ: ನೀರೆತ್ತುವುದು ಹೊರದಂಡೆಯಲ್ಲಿ, ತಿರುವಿನ ನಡುಭಾಗ ದಾಟಿ ಸ್ವಲ್ಪ ಕೆಳಗೆ. ಈ ಸುರುಳಿ ಚಲನೆ ಗಟ್ಟಿಯಾಗಲು ನೀರು ಸ್ವಲ್ಪ ದೂರ ತಿರುಗಬೇಕು, ಅದಕ್ಕೇ ತಿರುವಿನ ಆರಂಭದಲ್ಲಿ ಲಾಭ ಕಡಿಮೆ.

ಆದರೆ ಹೊರದಂಡೆಯೇ ಹೊಳೆ ತಿನ್ನುವ ದಂಡೆ. ಇಲ್ಲಿ ಎರಡನೆಯ ಸೂತ್ರ ಬರುತ್ತದೆ: ಆ ಹೊರದಂಡೆಯಲ್ಲಿ ಬಂಡೆ ಇರಬೇಕು. ನಮ್ಮ ಹೊಳೆಗಳಲ್ಲಿ ಇಂಥ ಜಾಗ ಹುಡುಕಿದರೆ ಸಿಗುತ್ತದೆ. ಬಂಡೆಯ ಪಕ್ಕದ ಮಡು ಎಷ್ಟೋ ತಲೆಮಾರಿನಿಂದ ಅಲ್ಲೇ ಇರುತ್ತದೆ, ಅದಕ್ಕೊಂದು ಹೆಸರೂ ಇರುತ್ತದೆ. ಹೆಸರಿರುವ ಮಡು ಅಂದರೆ ನಂಬಬಹುದಾದ ಮಡು ಅಂತ ನಾನು ಲೆಕ್ಕ ಹಾಕುತ್ತೇನೆ. ಬಂಡೆ ಇಲ್ಲದ ಬರೀ ಮಣ್ಣಿನ ಹೊರದಂಡೆಯಾದರೆ, ಮುಂದೆ ಹೇಳುವ ರಕ್ಷಣೆಯ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಿ.

ಈ ಜಾಗಗಳನ್ನು ಬಿಟ್ಟುಬಿಡಿ:

ತಿರುವಿನ ಒಳದಂಡೆ. ಇಳಿಯಲು ಸುಲಭ, ಜೀಪು ನೀರಿನ ತನಕ ಹೋಗುತ್ತದೆ. ಅದಕ್ಕೇ ಎಲ್ಲರೂ ಇಲ್ಲೇ ಇಡುತ್ತಾರೆ. ನಮ್ಮ ತೋಟದ ಫುಟ್‌ವಾಲ್ವ್ ಕೂಡ ಇಲ್ಲೇ ಇತ್ತು, 2019ರ ಬೇಸಿಗೆಯಲ್ಲಿ ಅದನ್ನು ಮರಳು ಅಗೆದು ಹೊರಗೆ ತೆಗೆಯಬೇಕಾಯಿತು.

ಎರಡು ಹೊಳೆ ಸೇರುವ ಜಾಗದ ಕೆಳಗೆ. ಉಪಹೊಳೆ ತಂದ ಮಣ್ಣು ಸಂಗಮದ ಕೆಳಗೆ ದಿಬ್ಬವಾಗಿ ಬೀಳುತ್ತದೆ, ಆ ದಿಬ್ಬ ಪ್ರತಿ ವರ್ಷ ಜಾಗ ಬದಲಿಸುತ್ತದೆ. ಭಾಗಮಂಡಲದಲ್ಲಿ ಕಾವೇರಿಗೆ ಕನ್ನಿಕೆ ಸೇರುವಲ್ಲಿ, ಕೂಡಿಗೆಯಲ್ಲಿ ಹಾರಂಗಿ ಸೇರುವಲ್ಲಿ ನಿಂತು ನೋಡಿದರೆ ಸಂಗಮದ ನೀರು ಹೇಗೆ ವರ್ತಿಸುತ್ತದೆ ಅಂತ ಅರ್ಥವಾಗುತ್ತದೆ. ಸಾಧ್ಯವಾದರೆ ಸಂಗಮದ ಮೇಲ್ಭಾಗಕ್ಕೆ ಹೋಗಿ. ಸಣ್ಣ ಕೊಲ್ಲಿ, ಅಂದರೆ ಗುಡ್ಡದಿಂದ ಇಳಿಯುವ ತೊರೆ, ಸೇರುವಲ್ಲಿಯೂ ಇದೇ ಮಾತು. ಮೇಲೆ ಗುಡ್ಡ ಜಾರಿದ್ದರೆ ಆ ಕೊಲ್ಲಿ ಒಂದೇ ರಾತ್ರಿಯಲ್ಲಿ ಬಂಡೆ ತಂದು ಸುರಿಯುತ್ತದೆ.

ಸೇತುವೆಯ ಹತ್ತಿರ. ಕಂಬದ ಸುತ್ತ ಕೊರೆತ, ಅದರ ಹಿಂದೆ ದಿಬ್ಬ, ನೆರೆಯಲ್ಲಿ ಸಿಕ್ಕಿಕೊಂಡ ಮರದ ರಾಶಿ ಎಲ್ಲವೂ ಅಲ್ಲಿರುತ್ತವೆ.

ಮರಳು ತೆಗೆಯುವ ಜಾಗದ ಹತ್ತಿರ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಕೆಳಗೆಲ್ಲೋ ಮರಳು ತೆಗೆದರೆ ಆ ಗುಂಡಿಯ ಅಂಚು ಕುಸಿಯುತ್ತಾ ಹೊಳೆಯ ಮೇಲ್ಭಾಗಕ್ಕೆ ಸರಿಯುತ್ತದೆ. ನಿಮ್ಮ ಜಾಗದಲ್ಲಿ ಯಾರೂ ಮುಟ್ಟದಿದ್ದರೂ ತಳ ಇಳಿದು, ಬೇಸಿಗೆಯಲ್ಲಿ ಪೈಪಿನ ಬಾಯಿ ನೀರಿನ ಮೇಲೆ ನೇತಾಡುತ್ತದೆ.

ಕುಡಿಯುವ ನೀರಿಗಾದರೆ ಇನ್ನೊಂದು ನೋಡಬೇಕು. ಕೊಯ್ಲಿನ ಕಾಲದಲ್ಲಿ ಪಲ್ಪಿಂಗ್ ನೀರು (ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ಕೊಳೆ ನೀರು) ಹೊಳೆಗೆ ಸೇರುವ ತೋಡುಗಳು, ಪೇಟೆಯ ಚರಂಡಿ ಸೇರುವ ಜಾಗ ಇವೆಲ್ಲ ನಿಮ್ಮ ಜಾಗಕ್ಕಿಂತ ಕೆಳಗಿರಬೇಕು. ಹಾಗೇ ಆನೆ ದಾರಿ. ದುಬಾರೆ, ಸಿದ್ದಾಪುರ, ತಿತಿಮತಿ ಕಡೆ ಆನೆಗಳು ನೀರಿಗಿಳಿಯುವ ಜಾಡಿನಲ್ಲಿ ಪೈಪು ಹಾಕಿದರೆ ಅದು ಉಳಿಯುವುದಿಲ್ಲ. ಸ್ವಲ್ಪ ದೂರ ಸರಿಸಿ ಹಾಕಿದರೆ ಅವಕ್ಕೂ ತೊಂದರೆ ಇಲ್ಲ, ನಮಗೂ ಇಲ್ಲ.

ಹಂತ 3: ಅನುಮತಿ ಮೊದಲು, ಪೈಪು ಆಮೇಲೆ

ಹೊಳೆ ನೀರು ಸರ್ಕಾರದ್ದು. ದಡದ ಜಮೀನು ನಿಮ್ಮದಾದರೂ ನೀರೆತ್ತಲು, ಹೊಳೆಯೊಳಗೆ ಏನಾದರೂ ಕಟ್ಟಲು ನೀರಾವರಿ ಇಲಾಖೆಯ ಒಪ್ಪಿಗೆ ಬೇಕು. ಪಂಚಾಯಿತಿಯಲ್ಲಿ ಕೇಳಿ, ಜಾಗ ಕಾಡಂಚಿನಲ್ಲೋ ದೇವರಕಾಡಿನ ಪಕ್ಕದಲ್ಲೋ ಇದ್ದರೆ ಅರಣ್ಯ ಇಲಾಖೆಯಲ್ಲೂ ಕೇಳಿ. ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಿದರೆ ನೀವು ನಿಂತಿರುವುದು ಯಾರ ಜಾಗ ಅಂತ ಅಂದಾಜು ಸಿಗುತ್ತದೆ. ನೀರು ತೀರಾ ಕಡಿಮೆಯಾದ ಬೇಸಿಗೆಯಲ್ಲಿ ಕುಡಿಯುವ ನೀರಿಗಾಗಿ ತೋಟದ ಪಂಪ್‌ಸೆಟ್ ನಿಲ್ಲಿಸಲು ಜಿಲ್ಲಾಡಳಿತ ಹೇಳಬಹುದು. ಆಗ ನಿಲ್ಲಿಸಿ. ಹೂವಿನ ನೀರಿಗೆ ತೋಟದಲ್ಲೇ ಒಂದು ಕೆರೆ ಇದ್ದರೆ ಆ ಹೊತ್ತಿನಲ್ಲಿ ಕೈ ಹಿಡಿಯುತ್ತದೆ.

ಹಂತ 4: ಮೂರು ಮಟ್ಟ ಗುರುತಿಸಿ

ಬಂಡೆಯ ಮೇಲಿನ ನಿಮ್ಮ ಬಣ್ಣದ ಗುರುತಿನಿಂದ ಮೂರು ಅಳತೆ ಬೇಕು: ಹೊಳೆಯ ತಳ, ಏಪ್ರಿಲ್, ಮೇ ತಿಂಗಳ ಅತಿ ಕಡಿಮೆ ನೀರು, ಅತಿ ದೊಡ್ಡ ನೆರೆಯ ನೀರು. ನೆರೆಯ ಮಟ್ಟಕ್ಕೆ ಬಿದಿರು ಮೆಳೆಯಲ್ಲಿ ಸಿಕ್ಕಿರುವ ಪ್ಲಾಸ್ಟಿಕ್, ಗೋಡೆಯ ಮೇಲಿನ ಕೆಸರು ಗೆರೆ ನೋಡಿ. 2018, 2019 ಎರಡೂ ವರ್ಷದ ಗುರುತು ಹುಡುಕಿ, ಯಾವುದು ಎತ್ತರವೋ ಅದನ್ನು ಹಿಡಿಯಿರಿ. ಕೂಡಿಗೆಯಲ್ಲಿ ಕೇಂದ್ರ ಜಲ ಆಯೋಗದ ಅಳತೆ ಕೇಂದ್ರವಿದೆ, ಆ ಕಡೆ ಕಾವೇರಿ ದಡದವರಿಗೆ ಅಲ್ಲಿನ ಮಟ್ಟ ಉಪಯೋಗಕ್ಕೆ ಬರುತ್ತದೆ.

ಪೈಪಿನ ಬಾಯಿ ತಳಕ್ಕಿಂತ ಕನಿಷ್ಠ ಅರ್ಧ ಮೀಟರ್ ಮೇಲಿರಲಿ, ಮರಳು ಕೆಳಗೇ ಹೋಗಲಿ. ಹಾಗೇ ಬೇಸಿಗೆಯ ಕನಿಷ್ಠ ನೀರಿಗಿಂತ ಅರ್ಧ ಮೀಟರ್ ಕೆಳಗಿರಲಿ. ಇಲ್ಲದಿದ್ದರೆ ಸುಳಿ ಎದ್ದು ಗಾಳಿ ಎಳೆಯುತ್ತದೆ. ಅಂದರೆ ಬೇಸಿಗೆಯಲ್ಲೂ ಒಂದು ಮೀಟರಿಗಿಂತ ಜಾಸ್ತಿ ನೀರಿರುವ ಮಡು ಬೇಕು. ಅಷ್ಟು ಆಳ ಇಲ್ಲದಿದ್ದರೆ ಬೇರೆ ಜಾಗ ನೋಡಿ, ಅಥವಾ ಹಂತ 5ರ ತೇಲುವ ವಿಧಾನ ನೋಡಿ.

ಮೋಟಾರ್ ಮತ್ತು ಪ್ಯಾನಲ್ ಬೋರ್ಡ್ ನೆರೆಯ ಮಟ್ಟಕ್ಕಿಂತ ಒಂದು ಮೀಟರಾದರೂ ಮೇಲಿರಬೇಕು. ಇಲ್ಲಿ ಒಂದು ಸಿಕ್ಕು ಇದೆ. ದಡದ ಮೇಲಿಟ್ಟ ಪಂಪು ಗಾಳಿಯ ಒತ್ತಡದಿಂದಲೇ ನೀರು ಹೀರುವುದು. ಸಮುದ್ರ ಮಟ್ಟದಲ್ಲಿ ಆ ಒತ್ತಡ ಸುಮಾರು 10.3 ಮೀಟರ್ ನೀರಿಗೆ ಸಮ. ಎತ್ತರದ ನಮ್ಮ ಜಿಲ್ಲೆಯಲ್ಲಿ ಅದು 9 ಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಪೈಪಿನ ಘರ್ಷಣೆ, ಫುಟ್‌ವಾಲ್ವಿನ ತಡೆ, ಪಂಪಿನ ಬಾಯಲ್ಲಿ ಉಳಿದಿರಲೇಬೇಕಾದ ಒತ್ತಡ ಎಲ್ಲ ಕಳೆದರೆ 5 ಮೀಟರಿಗಿಂತ ಜಾಸ್ತಿ ಹೀರುವ ಎತ್ತರ ನಂಬಬೇಡಿ. ದಡ ಅದಕ್ಕಿಂತ ಎತ್ತರವಾಗಿದ್ದರೆ ಜಾಕ್‌ವೆಲ್ ಕಟ್ಟಿ ನೀರೊಳಗೆ ಮುಳುಗಿ ಓಡುವ ಸಬ್‌ಮರ್ಸಿಬಲ್ ಪಂಪು ಇಳಿಸಿ, ಇಲ್ಲವೇ ಮಳೆಗಾಲದಲ್ಲಿ ಮೇಲೆ ಹೊತ್ತೊಯ್ಯಬಹುದಾದ ಪಂಪು ಇಟ್ಟುಕೊಳ್ಳಿ.

ಹಂತ 5: ಯಾವ ಬಗೆಯ ವ್ಯವಸ್ಥೆ?

ಬೆಳೆಗಾರರಿಗೆ ನನ್ನ ಮೊದಲ ಸಲಹೆ: ಕಟ್ಟಬೇಡಿ, ತೇಲಿಸಿ. ನಿಮಗೆ ನೀರು ಬೇಕಿರುವುದು ಬೇಸಿಗೆಯ ಕೆಲವು ವಾರ ಮಾತ್ರ. ಮುಚ್ಚಿದ ಎರಡು ಪ್ಲಾಸ್ಟಿಕ್ ಡ್ರಮ್ ನಡುವೆ ಬಿದಿರು ಕಟ್ಟಿ, ಅದಕ್ಕೆ ಫುಟ್‌ವಾಲ್ವನ್ನು ನೀರಿನ ಅರ್ಧ ಮೀಟರ್ ಕೆಳಗೆ ನೇತುಹಾಕಿ, ಬಾಗುವ ಸಕ್ಷನ್ ಹೋಸ್ ಜೋಡಿಸಿ. ನೀರು ಇಳಿದರೆ ಇದೂ ಇಳಿಯುತ್ತದೆ, ತಳದ ಮರಳು ಮುಟ್ಟುವುದಿಲ್ಲ. ಹೊಳೆ ಜಾಗ ಬದಲಿಸಿದರೆ ಇದನ್ನೂ ಬದಲಿಸಬಹುದು. ಎರಡು ಹಗ್ಗ ಕಟ್ಟಿ, ಒಂದು ಮೇಲ್ಭಾಗದ ಮರಕ್ಕೆ, ಒಂದು ದಡಕ್ಕೆ. ಮೇ ಕೊನೆಗೆ ಮನೆಗೆ ತನ್ನಿ.

ವರ್ಷವಿಡೀ ನೀರು ಬೇಕಾದ ಊರಿನ ಯೋಜನೆಗೆ ಜಾಕ್‌ವೆಲ್ ಬೇಕೇ ಬೇಕು. ಅದಕ್ಕೆ ಒಂದೇ ಬಾಯಿ ಇಡಿಸಬೇಡಿ. ಬೇರೆ ಬೇರೆ ಎತ್ತರದಲ್ಲಿ ಎರಡು ಬಾಯಿ, ಎರಡಕ್ಕೂ ಗೇಟ್‌ವಾಲ್ವ್ ಇರಲಿ. ಮಳೆಗಾಲದಲ್ಲಿ ಕೆಳಗಿನದು ಮುಚ್ಚಿ ಮೇಲಿನದು ತೆರೆಯಿರಿ, ಬೇಸಿಗೆಯಲ್ಲಿ ಕೆಳಗಿನದು ತೆರೆಯಿರಿ. ಬಾವಿಯ ತಳ ಪೈಪಿಗಿಂತ ಒಂದು ಮೀಟರಾದರೂ ಆಳವಿರಲಿ. ಒಳಗೆ ಬಂದ ಹೂಳು ಅಲ್ಲಿ ಕೂರುತ್ತದೆ, ವರ್ಷಕ್ಕೊಮ್ಮೆ ತೆಗೆಯಬಹುದು.

ತಳದಲ್ಲಿ ದಪ್ಪ ಮರಳಿನ ಪದರ ಇರುವ ಕಡೆ ಇನ್ನೊಂದು ಒಳ್ಳೆಯ ವಿಧಾನ ಇದೆ. ತೂತು ಪೈಪನ್ನು ಮರಳಿನ ಅಡಿ ಹೂತು, ಸುತ್ತ ದಪ್ಪ ಜಲ್ಲಿ, ಆಮೇಲೆ ಸಣ್ಣ ಜಲ್ಲಿ, ಆಮೇಲೆ ಮರಳು ಹಾಕಿ ಬಾವಿಗೆ ಜೋಡಿಸುವುದು. ಹೊಳೆಯೇ ನೀರನ್ನು ಸೋಸಿ ಕೊಡುತ್ತದೆ. ಆದರೆ ರೇವೆ, ಜೇಡಿ ಜಾಸ್ತಿ ಇರುವ ಕಡೆ ಇದು ನಿಧಾನವಾಗಿ ಕಟ್ಟಿಕೊಳ್ಳುತ್ತದೆ, ತಳ ಕೊರೆಯುವ ಕಡೆ ಪೈಪೇ ಎದ್ದು ಬರುತ್ತದೆ. ನಿಮ್ಮ ಬಾಟಲಿ ಪರೀಕ್ಷೆ ನೋಡಿ ತೀರ್ಮಾನಿಸಿ.

ಗಾಳಿಬೀಡು, ಮಕ್ಕಂದೂರು ಕಡೆ ಗುಡ್ಡದ ಕೊಲ್ಲಿಯಿಂದ ಇಳಿಜಾರಿನಲ್ಲಿ ನೀರು ತರುವವರಿಗೆ ಬಂಡೆಯೇ ಶತ್ರು. ಅಲ್ಲಿ ಎತ್ತರದ ತಡೆಗೋಡೆ ಬೇಡ, ಒಂದೇ ಮಳೆಗೆ ಅದರ ಹಿಂದೆ ಕಲ್ಲು ತುಂಬುತ್ತದೆ. ತಗ್ಗಾದ ಕಾಂಕ್ರೀಟ್ ಹಲಗೆಯಲ್ಲಿ ಒಂದು ಕಾಲುವೆ ಬಿಟ್ಟು, ಅದರ ಮೇಲೆ ಕಬ್ಬಿಣದ ಸರಳುಗಳನ್ನು ನೀರು ಹರಿಯುವ ದಿಕ್ಕಿಗೇ, ಕೆಳಕ್ಕೆ ಇಳಿಜಾರಾಗಿ ಜೋಡಿಸಿ. ಕಲ್ಲು ಸರಳಿನ ಮೇಲೆ ಉರುಳಿ ಹೋಗುತ್ತದೆ, ನೀರು ಕೆಳಗೆ ಬೀಳುತ್ತದೆ. ಸರಳನ್ನು ಅಡ್ಡ ಜೋಡಿಸಿದರೆ ಎಲೆ, ಕಲ್ಲು ಸಿಕ್ಕಿಕೊಂಡು ಕೂರುತ್ತವೆ. ಈ ತಪ್ಪು ಬಹಳ ಕಡೆ ನೋಡಿದ್ದೇನೆ.

ಬೇಸಿಗೆಯಲ್ಲಿ ನೀರು ಕಡಿಮೆಯಾದಾಗ ಮರಳು ಮೂಟೆಯ ಕಟ್ಟ ಹಾಕುವುದು ನಮ್ಮಲ್ಲಿ ಮಾಮೂಲು. ತಗ್ಗಾಗಿ ಹಾಕಿ, ಕೆಳಗಿನವರಿಗೆ ನೀರು ಹರಿಯಲು ದಾರಿ ಬಿಡಿ, ಮಳೆಗೆ ಮೊದಲು ಮೂಟೆಗಳನ್ನು ತೆಗೆಯಿರಿ. ಬಿಟ್ಟರೆ ಹರಿದ ಪ್ಲಾಸ್ಟಿಕ್ ಚೀಲ ಹೋಗಿ ಇನ್ನೊಬ್ಬರ ಜಾಲರಿಗೆ ಸುತ್ತಿಕೊಳ್ಳುತ್ತದೆ.

ಹಂತ 6: ಜಾಲರಿ ಮತ್ತು ಮರಳುತೊಟ್ಟಿ

ಪೈಪಿನ ಬಾಯಿಯಲ್ಲಿ ನೀರಿನ ವೇಗ ಜಾಸ್ತಿಯಾದಷ್ಟೂ ಅದು ಮರಳು, ಎಲೆ, ಮೀನುಮರಿ ಎಲ್ಲವನ್ನೂ ಎಳೆಯುತ್ತದೆ. ಸೆಕೆಂಡಿಗೆ 15 ಸೆಂಟಿಮೀಟರ್ ದಾಟದಂತೆ ನೋಡಿಕೊಳ್ಳಿ. ಲೆಕ್ಕ ಸುಲಭ. ನಿಮ್ಮ ಪಂಪು ಸೆಕೆಂಡಿಗೆ 10 ಲೀಟರ್ ಎತ್ತುತ್ತದೆ ಅಂದುಕೊಳ್ಳಿ. ಅಂದರೆ 0.01 ಘನ ಮೀಟರ್. ಅದನ್ನು 0.15ರಿಂದ ಭಾಗಿಸಿದರೆ ಸುಮಾರು 0.067 ಚದರ ಮೀಟರ್. ಇಷ್ಟು ತೆರೆದ ತೂತು ಬೇಕು. ಅರ್ಧ ಜಾಲರಿಗೆ ಎಲೆ ಮುಚ್ಚುತ್ತದೆ ಅಂತ ಹಿಡಿದು ಎರಡು ಪಟ್ಟು ಮಾಡಿ: 0.13 ಚದರ ಮೀಟರ್. ಗಮನಿಸಿ, ಇದು ತೂತುಗಳ ಒಟ್ಟು ಜಾಗ, ಜಾಲರಿಯ ಇಡೀ ಅಳತೆ ಅಲ್ಲ. ಅಂಗಡಿಯಲ್ಲಿ ಸಿಗುವ ಸಣ್ಣ ಸ್ಟ್ರೈನರ್‌ನಲ್ಲಿ ಇಷ್ಟು ಜಾಗ ಇರುವುದಿಲ್ಲ. ದಪ್ಪ ಪಿವಿಸಿ ಪೈಪಿಗೆ ತೂತು ಕೊರೆದು, ಮೇಲೆ ಸ್ಟೀಲ್ ಜಾಲರಿ ಸುತ್ತಿ ಮಾಡಿಸಿಕೊಳ್ಳಬಹುದು. ವಾಲ್ನೂರು, ದುಬಾರೆ ಕಡೆ ಮಹಶೀರ್ ಮೀನು ಇರುವ ಹೊಳೆಯಲ್ಲಿ ಈ ವೇಗದ ಮಿತಿಯನ್ನು ದಯವಿಟ್ಟು ಮೀರಬೇಡಿ.

ಜಾಲರಿಯ ಮುಂದೆ, ಸ್ವಲ್ಪ ಮೇಲ್ಭಾಗದಲ್ಲಿ, ನಾಲ್ಕೈದು ಗಟ್ಟಿ ಕಂಬಗಳನ್ನು ಹೊಳೆಗೆ ಓರೆಯಾಗಿ ನೆಟ್ಟರೆ ತೇಲಿ ಬರುವ ಮರ ಜಾಲರಿಗೆ ನೇರ ಬಡಿಯುವುದಿಲ್ಲ.

ಇನ್ನು ಮರಳುತೊಟ್ಟಿ. ನೀರನ್ನು ನಿಧಾನ ಮಾಡಿದರೆ ಮರಳು ತಾನೇ ಕೂರುತ್ತದೆ. 0.2 ಮಿಲಿಮೀಟರ್ ಮರಳು ನಿಂತ ನೀರಿನಲ್ಲಿ ಸೆಕೆಂಡಿಗೆ ಸುಮಾರು 2 ಸೆಂಟಿಮೀಟರ್ ಇಳಿಯುತ್ತದೆ. ಮೇಲಿನ ಪಂಪಿಗೇ 3 ಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ, 1 ಮೀಟರ್ ಆಳದ ತೊಟ್ಟಿ ಕಟ್ಟಿದರೆ ನೀರು ಈ ತುದಿಯಿಂದ ಆ ತುದಿಗೆ ಹೋಗಲು 3 ನಿಮಿಷ ಬೇಕು. ಮರಳಿಗೆ ತಳ ಸೇರಲು ಒಂದು ನಿಮಿಷವೂ ಬೇಡ. ಉಳಿದದ್ದು ಕಲಕಾಟಕ್ಕೂ ತುಂಬುವ ಹೂಳಿಗೂ ಬಿಟ್ಟ ಜಾಗ. ತೊಟ್ಟಿಯ ತಳ ಒಂದು ಕಡೆ ಇಳಿಜಾರಾಗಿರಲಿ, ತಗ್ಗಿನ ತುದಿಯಲ್ಲಿ ದಪ್ಪ ಪೈಪು, ವಾಲ್ವ್ ಇಡಿ. ತೆರೆದರೆ ಹೂಳು ಕೊಚ್ಚಿ ಹೋಗಬೇಕು.

ಕೊಲ್ಲಿಯಿಂದ ಇಳಿಜಾರಿನಲ್ಲಿ ನೀರು ಬರುವ ಕಡೆ ತೊಟ್ಟಿಯನ್ನು ಬಾಯಿಯ ಹತ್ತಿರವೇ ಕಟ್ಟಿ, ಪೈಪೊಳಗೆ ಮರಳು ಹೋಗುವುದೇ ಇಲ್ಲ. ಪಂಪು ಇರುವ ಕಡೆ ತೊಟ್ಟಿ ಪಂಪಿನ ನಂತರ ಬಂದರೆ ಸ್ಪ್ರಿಂಕ್ಲರ್ ಉಳಿಯುತ್ತದೆ, ಇಂಪೆಲ್ಲರ್ ಸವೆಯುತ್ತಲೇ ಇರುತ್ತದೆ. ಪಂಪು ಉಳಿಸಲು ಜಾಗ, ಬಾಯಿಯ ಎತ್ತರ, ಜಾಕ್‌ವೆಲ್ಲಿನ ಆಳ ಇವೇ ದಾರಿ. ಹೈಡ್ರೋಸೈಕ್ಲೋನ್ ಅನ್ನುವ ಮರಳು ಬೇರ್ಪಡಿಸುವ ಫಿಲ್ಟರ್ ಕೂಡ ಪಂಪಿನ ನಂತರವೇ ಕೂರುವುದು.

ಜೇಡಿಗೆ ಇದ್ಯಾವುದೂ ನಾಟುವುದಿಲ್ಲ. ಅತಿ ಸಣ್ಣ ಜೇಡಿ ಒಂದು ಮೀಟರ್ ಇಳಿಯಲು ದಿನಗಟ್ಟಲೆ ಬೇಕು. ಕುಡಿಯುವ ನೀರಿಗೆ ಆಲಂ (ಪಟಿಕ) ಹಾಕಿ ಕೂರಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಹಾಕಲೇಬೇಕು. ಹೊಳೆ ತೀರಾ ಕೆಂಪಾದ ಗಂಟೆಗಳಲ್ಲಿ ಪಂಪು ನಿಲ್ಲಿಸಿ, ಟ್ಯಾಂಕಿನಲ್ಲಿರುವ ನೀರು ಬಿಡುವುದು ಎಲ್ಲಕ್ಕಿಂತ ಅಗ್ಗದ ಉಪಾಯ. ಅದಕ್ಕೆ ಟ್ಯಾಂಕು ಒಂದು ದಿನದ ಅಗತ್ಯಕ್ಕಿಂತ ದೊಡ್ಡದಿರಬೇಕು.

ಹಂತ 7: ಬುಡ ಮತ್ತು ದಡ

ಬಂಡೆ ಸಿಕ್ಕಿದರೆ ಬಂಡೆಗೆ ರಂಧ್ರ ಕೊರೆದು ಸರಳು ಕೂರಿಸಿ ಅದರ ಮೇಲೆ ಕಟ್ಟಿ. ಇಲ್ಲದ ಕಡೆ ಬುಡ ಎಷ್ಟು ಆಳಕ್ಕೆ ಹೋಗಬೇಕು ಅನ್ನೋದನ್ನು ಕಣ್ಣಂದಾಜಿನಲ್ಲಿ ತೀರ್ಮಾನಿಸಬೇಡಿ. ಮರಳಿನ ತಳಕ್ಕೆ ಎಂಜಿನಿಯರುಗಳು ಲೇಸಿ ಸೂತ್ರ ಬಳಸುತ್ತಾರೆ. ಒಂದು ಉದಾಹರಣೆ: ನೆರೆಯಲ್ಲಿ ಹೊಳೆಯ ಒಂದು ಮೀಟರ್ ಅಗಲದಲ್ಲಿ ಸೆಕೆಂಡಿಗೆ 5 ಘನ ಮೀಟರ್ ನೀರು, ತಳದಲ್ಲಿ ಅರ್ಧ ಮಿಲಿಮೀಟರ್ ಮರಳು. ಆಗ ಸರಾಸರಿ ಕೊರೆತ ನೆರೆಯ ಮಟ್ಟದಿಂದ ಸುಮಾರು 3.6 ಮೀಟರ್ ಕೆಳಗೆ ಬರುತ್ತದೆ. ಹೊಳೆಯೊಳಗೆ ನಿಂತ ಕಂಬ, ಬಾವಿಯ ಸುತ್ತ ಅದರ ಎರಡು ಪಟ್ಟು ಹಿಡಿಯುತ್ತಾರೆ, ಅಂದರೆ 7.3 ಮೀಟರ್. ನೆರೆಯಲ್ಲಿ ನೀರಿನ ಆಳ 4 ಮೀಟರ್ ಇದ್ದರೆ ತಳದಿಂದ 3.3 ಮೀಟರ್ ಕೆಳಗಿನವರೆಗೂ ಮರಳು ಕೊಚ್ಚಿ ಹೋಗಬಹುದು. ಬುಡ ಅದಕ್ಕೂ ಕೆಳಗೆ ಹಿಡಿತ ಸಿಗುವಷ್ಟು ಹೋಗಬೇಕು. ನೆರೆ ಇಳಿಯುವಾಗ ಆ ಗುಂಡಿಗೆ ಮತ್ತೆ ಮರಳು ತುಂಬುವುದರಿಂದ ಬೇಸಿಗೆಯಲ್ಲಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. "ನಾಲ್ಕು ಅಡಿ ಸಾಕು" ಅನ್ನುವ ಗುತ್ತಿಗೆದಾರರಿಗೆ ಈ ಲೆಕ್ಕ ತೋರಿಸಿ.

ದಡಕ್ಕೆ ಬರೀ ಸಿಮೆಂಟ್ ಗೋಡೆಗಿಂತ ಗೇಬಿಯಾನ್ ನಮ್ಮಲ್ಲಿ ಚೆನ್ನಾಗಿ ಹೊಂದುತ್ತದೆ. ತುಕ್ಕು ಹಿಡಿಯದ ತಂತಿಯ ಜಾಲರಿ ಪೆಟ್ಟಿಗೆಗೆ ಕಾಡುಕಲ್ಲು ತುಂಬಿ ಜೋಡಿಸುವುದೇ ಗೇಬಿಯಾನ್. ನೆಲ ಕುಸಿದರೆ ಇದು ಬಾಗುತ್ತದೆ, ಸಿಮೆಂಟಿನ ಹಾಗೆ ಸೀಳುವುದಿಲ್ಲ. ದಡದೊಳಗಿನ ನೀರು ಹೊರಬರಲು ದಾರಿಯೂ ಇರುತ್ತದೆ. ಆದರೆ ಕಲ್ಲಿನ ಹಿಂದೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಅಥವಾ ಜಲ್ಲಿ ಪದರ ಇರಲೇಬೇಕು. ಇಲ್ಲದಿದ್ದರೆ ಕಲ್ಲಿನ ಸಂದಿನಿಂದ ಮಣ್ಣು ಸೋರಿ ಹೋಗಿ ಗೋಡೆ ನಿಂತಿದ್ದರೂ ದಡ ಕುಸಿಯುತ್ತದೆ.

ಗೋಡೆಯ ಬುಡದಿಂದ ಹೊಳೆಯ ಕಡೆಗೆ ಕಲ್ಲಿನ ಹಾಸು ಹಾಸಿ. ನೀರು ಅದರ ಅಂಚನ್ನು ಕೊರೆದಾಗ ಕಲ್ಲುಗಳು ತಾವಾಗಿ ಗುಂಡಿಗೆ ಜಾರಿ ಬುಡ ಮುಚ್ಚುತ್ತವೆ. ತಳದಿಂದ ಕೆಳಗೆ ಎಷ್ಟು ಕೊರೆತ ನಿರೀಕ್ಷೆಯೋ ಅದರ ಒಂದೂವರೆ ಪಟ್ಟು ಅಗಲ ಹಾಸುವುದು ರೂಢಿ. ಗೋಡೆಯ ಎರಡೂ ತುದಿಗಳನ್ನು ದಡದೊಳಗೆ ಕೆಲವು ಮೀಟರ್ ತಿರುಗಿಸಿ ಸೇರಿಸಿ. ಹೆಚ್ಚಿನ ಗೋಡೆಗಳು ನಡುವೆ ಬೀಳುವುದಿಲ್ಲ, ತುದಿಯಲ್ಲಿ ನೀರು ಹಿಂದಿನಿಂದ ನುಗ್ಗಿ ಬೀಳುತ್ತವೆ.

ಗೋಡೆಯ ಮೇಲೂ ಆಚೆಈಚೆಯೂ ಲಾವಂಚ, ಬಿದಿರು, ಹೊಂಗೆ, ಹೊಳೆಮತ್ತಿ ನೆಡಿ. ದಡದ ಅಂಚಿನವರೆಗೆ ಕಾಡು ಬೋಳಿಸಿ ಕಾಫಿ ಇಟ್ಟ ಕಡೆ ದಡ ಬೇಗ ಕುಸಿಯುತ್ತದೆ.

ಎಚ್ಚರಿಕೆ: ಹೊಳೆಗೆ ಅಡ್ಡವಾಗಿ ಕಲ್ಲಿನ ಮೂಗು ಚಾಚಿ ನೀರನ್ನು ದೂರ ತಳ್ಳುವ ಯೋಚನೆ ಬೇಡ. ತಳ್ಳಿದ ನೀರು ಎದುರು ದಡದವರ ಗದ್ದೆ ತಿನ್ನುತ್ತದೆ. ಅಂಥ ಕೆಲಸ ಇಲಾಖೆ ಇಡೀ ಹೊಳೆ ನೋಡಿ ಮಾಡಬೇಕಾದ್ದು.

ಹಂತ 8: ಮಳೆಗಾಲದ ಪಾಳಿ

ಮೇ ಕೊನೆಯ ವಾರ: ತೇಲುವ ಫುಟ್‌ವಾಲ್ವ್, ಹೋಸ್, ಬಿಡಿ ಪಂಪು ಮೇಲೆ ತನ್ನಿ. ಜಾಕ್‌ವೆಲ್ಲಿನ ಕೆಳಗಿನ ವಾಲ್ವ್ ಮುಚ್ಚಿ. ವಾಲ್ವ್ ತಿರುಗುತ್ತದೆಯೇ ಅಂತ ಆಗಲೇ ನೋಡಿ, ನೆರೆಯ ದಿನ ನೋಡಿದರೆ ಪ್ರಯೋಜನವಿಲ್ಲ.

ಜೂನ್‌ನಿಂದ ಸೆಪ್ಟೆಂಬರ್: ವಾರಕ್ಕೊಮ್ಮೆ, ದೊಡ್ಡ ಮಳೆಯ ನಂತರ ಮರುದಿನ, ಜಾಲರಿ ಮತ್ತು ಮರಳುತೊಟ್ಟಿ ನೋಡಿ. ತೊಟ್ಟಿಯ ಮೂರನೇ ಒಂದು ಪಾಲು ತುಂಬಿದರೆ ವಾಲ್ವ್ ತೆರೆದು ಖಾಲಿ ಮಾಡಿ.

ನೆರೆಯ ನೀರು ಪಂಪ್‌ಹೌಸಿಗೆ ನುಗ್ಗಿದ್ದರೆ ಇಳಿದ ತಕ್ಷಣ ಸ್ಟಾರ್ಟರ್ ಒತ್ತಬೇಡಿ. ಮೊದಲು ಲೈನ್ ಕಟ್ ಆಗಿದೆಯೇ ಖಚಿತ ಮಾಡಿಕೊಳ್ಳಿ. ಮೋಟಾರ್ ಬಿಚ್ಚಿ ಒಣಗಿಸಿ, ವೈಂಡಿಂಗನ್ನು ಎಲೆಕ್ಟ್ರೀಷಿಯನ್ ಮೆಗ್ಗರ್‌ನಿಂದ (ಕರೆಂಟ್ ಸೋರಿಕೆ ಅಳೆಯುವ ಉಪಕರಣ) ಪರೀಕ್ಷಿಸಲಿ. ಬೇರಿಂಗಿಗೆ ಸೇರಿದ ಕೆಸರು ತೊಳೆದು ಹೊಸ ಗ್ರೀಸ್ ಹಾಕಿಸಿ. ಜಾಕ್‌ವೆಲ್ಲಿನೊಳಗೆ ಹೂಳು ತೆಗೆಯಲು ಒಬ್ಬರನ್ನೇ ಇಳಿಸಬೇಡಿ. ಮುಚ್ಚಿದ ಬಾವಿಯಲ್ಲಿ ಕೊಳೆತ ಎಲೆಯ ಗಾಳಿ ಪ್ರಾಣ ತೆಗೆಯುತ್ತದೆ. ಮುಚ್ಚಳ ತೆರೆದು, ಬ್ಲೋವರ್‌ನಿಂದ ಗಾಳಿ ಆಡಿಸಿ, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ನಿಂತ ಮೇಲೆ ಇಳಿಸಿ.

ಪುತ್ತರಿಯ ನಂತರ ಮತ್ತೆ ಟೇಪು, ಬಿದಿರುಗಳು ಹಿಡಿದು ಹೋಗಿ. ಬಣ್ಣದ ಗುರುತಿನಿಂದ ತಳ ಎಷ್ಟು ಏರಿದೆ ಅಥವಾ ಇಳಿದಿದೆ ಅಂತ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮೂರು ವರ್ಷ ಸತತ ಒಂದೇ ಕಡೆಗೆ ಬದಲಾಗುತ್ತಿದ್ದರೆ ಬಾಯಿಯ ಎತ್ತರ ಬದಲಿಸುವ ಸಮಯ ಬಂದಿದೆ. ಆ ನೋಟ್‌ಬುಕ್ಕನ್ನು ಪಂಪ್‌ಹೌಸಿನಲ್ಲಿ ಇಡಬೇಡಿ, ಮನೆಯಲ್ಲಿಡಿ.